ಗುಲ್ಮವನ್ನು ತೆಗೆಯುವ ಮೊದಲು

ಕ್ಯಾನ್ಸರ್ ರೋಗಿಯ ಸಿ.ಟಿ. ಸ್ಕ್ಯಾನ್ ವರದಿ ಕೈಗೆ ಬಂದ ಕೂಡಲೇ ಮನೆಯವರ ಕಣ್ಣು ಓಡುವುದು ಎರಡು ಮೂರು ಸಾಲುಗಳ ಕಡೆಗೆ ಮಾತ್ರ. ಲಿವರ್‌ನಲ್ಲಿ ಏನಿದೆ, ಶ್ವಾಸಕೋಶದಲ್ಲಿ ಏನಿದೆ, ದುಗ್ಧಗ್ರಂಥಿಗಳು ಊದಿವೆಯೇ? ಹರಡಿದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆಗೆ ಉತ್ತರ ಹುಡುಕುವ ಆ ಗಳಿಗೆಯಲ್ಲಿ, ನಡುವೆ ಎಲ್ಲೋ ಇರುವ ‘ಸ್ಪ್ಲೀನ್ ನಾರ್ಮಲ್’ ಎಂಬ ಸಾಲನ್ನು ಯಾರೂ ಓದುವುದಿಲ್ಲ. ಮುಂಬಯಿಯ ವಾರ್ಡಿನಲ್ಲಿ ಅದಕ್ಕೆ ಪ್ಲೀಹಾ ಎನ್ನುತ್ತಾರೆ, ದೆಹಲಿಯಲ್ಲಿ ತಿಲ್ಲಿ, ಚೆನ್ನೈನಲ್ಲಿ ಮಣ್ಣೀರಲ್. ಕನ್ನಡದ ಶಾಲಾ ಪುಸ್ತಕಗಳು ಗುಲ್ಮ ಎಂದು ಕಲಿಸಿವೆ. ಆಯುರ್ವೇದದಲ್ಲಿ ಗುಲ್ಮವೆಂದರೆ ಹೊಟ್ಟೆಯೊಳಗಿನ ಗಂಟಿನಂಥ ಬೇನೆ, ಅಂಗಕ್ಕೆ ಅಲ್ಲಿ ಪ್ಲೀಹ ಎಂದೇ ಹೆಸರು. ಮಲೇರಿಯಾದಿಂದ ಊದಿಕೊಂಡ ಇದೇ ಅಂಗವನ್ನು ಮಲೆನಾಡಿನ ಹಿರಿಯರು ಜ್ವರಗಡ್ಡೆ ಎನ್ನುತ್ತಿದ್ದರು. ಹೆಸರು ಹತ್ತಿದ್ದರೂ ಅದು ಮಾಡುವ ಕೆಲಸ ಏನೆಂದು ಕೇಳಿದರೆ ಹೆಚ್ಚಿನವರಲ್ಲಿ ಉತ್ತರವಿಲ್ಲ.

ಗೊತ್ತಿಲ್ಲದ ಅಂಗದ ಬಗ್ಗೆ ಎರಡು ಬಗೆಯ ತಪ್ಪು ಸುಲಭ. ಅದು ಬೇಡದ ಅಂಗ, ಹೋದರೆ ಹೋಗಲಿ ಎನ್ನುವುದು ಒಂದು. ಅದೇ ಕೇಡಿನ ಮೂಲ, ಕಿತ್ತು ಹಾಕಿ ಎನ್ನುವುದು ಇನ್ನೊಂದು. ವೈದ್ಯಕೀಯ ಚರಿತ್ರೆ ಮೊದಲ ತಪ್ಪನ್ನು ಹಲವು ಸಲ ಮಾಡಿದೆ. ಕ್ಯಾನ್ಸರ್ ಹರಡುವುದರಲ್ಲಿ ಗುಲ್ಮದ ಪಾತ್ರವೇನು ಎಂದು ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ನಡೆದ ಸಂಶೋಧನೆಯನ್ನು ಅರ್ಧಂಬರ್ಧ ಓದಿಕೊಂಡರೆ ಎರಡನೆಯದಕ್ಕೂ ದಾರಿಯಾದೀತು. ಎರಡೂ ತಪ್ಪುಗಳ ಬೆಲೆ ತೆರುವವನು ರೋಗಿಯೇ.

ಎಡಗಡೆ ಒಂಬತ್ತರಿಂದ ಹನ್ನೊಂದನೆಯ ಪಕ್ಕೆಲುಬುಗಳ ಮರೆಯಲ್ಲಿ, ಜಠರದ ಬೆನ್ನಿಗೆ ಅಂಟಿಕೊಂಡಂತೆ ಇರುವ ಈ ಅಂಗದ ತೂಕ ಸುಮಾರು 150 ಗ್ರಾಂ, ಗಾತ್ರ ಒಂದು ಮುಷ್ಟಿಯಷ್ಟು. ಆದರೆ ಅದರೊಳಗೆ ಹರಿಯುವ ರಕ್ತ ಆ ಗಾತ್ರಕ್ಕೆ ಹೋಲಿಸಿದರೆ ಬಹಳ ಹೆಚ್ಚು. ಹೃದಯ ಹೊರಹಾಕುವ ರಕ್ತದ ಸುಮಾರು ಇಪ್ಪತ್ತನೆಯ ಒಂದು ಪಾಲು ಇಲ್ಲಿಗೆ ಬರುತ್ತದೆ. ಮುದಿಯಾದ ಕೆಂಪು ರಕ್ತಕಣಗಳು ಇಲ್ಲಿನ ಕಿರಿದಾದ ಸಂದುಗಳಲ್ಲಿ ನುಸುಳಲಾರದೆ ಸಿಕ್ಕಿಬಿದ್ದು ನಾಶವಾಗುತ್ತವೆ. ರಕ್ತದಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಾಗಳನ್ನು, ಅದರಲ್ಲೂ ಮೈಗೆ ಕವಚವಿರುವ ಜಾತಿಯವನ್ನು, ಹಿಡಿದು ಕೊಲ್ಲುವ ಮುಖ್ಯ ಠಾಣೆಯೂ ಇದೇ. ಇಲ್ಲಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗದೆ ಮೊದಲು ಲಿವರ್‌ಗೆ ಹೋಗುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಮುಂದಿನ ಕಥೆಗೆ ಅದು ಬೇಕು.

ಇಷ್ಟು ರಕ್ತ ಹಾಯುವ ಜಾಗದಲ್ಲಿ ಕ್ಯಾನ್ಸರ್ ಬೀಡುಬಿಡಬೇಕಿತ್ತಲ್ಲವೇ? ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿದವನು ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್. 1889ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಆತ ಸ್ತನ ಕ್ಯಾನ್ಸರ್‌ನಿಂದ ಸತ್ತ 735 ಮಂದಿಯ ಮರಣೋತ್ತರ ದಾಖಲೆಗಳನ್ನು ಒಟ್ಟುಹಾಕಿ ಲೆಕ್ಕ ಕೊಟ್ಟ. 241 ಮಂದಿಯಲ್ಲಿ ಕ್ಯಾನ್ಸರ್ ಲಿವರ್‌ಗೆ ಹರಡಿತ್ತು. ಗುಲ್ಮಕ್ಕೆ ಹರಡಿದ್ದು 17 ಮಂದಿಯಲ್ಲಿ ಮಾತ್ರ. ರಕ್ತದ ಹರಿವೊಂದೇ ಕಾರಣವಾಗಿದ್ದರೆ ಇಷ್ಟು ಅಂತರ ಬರುವುದು ಹೇಗೆ? ಕ್ಯಾನ್ಸರ್ ಕೋಶವನ್ನು ಆತ ಬೀಜಕ್ಕೆ ಹೋಲಿಸಿದ. ಗಾಳಿ ಬೀಜವನ್ನು ಎಲ್ಲ ದಿಕ್ಕಿಗೂ ಒಯ್ಯುತ್ತದೆ, ಮೊಳೆಯುವುದು ಮಾತ್ರ ಒಗ್ಗುವ ಮಣ್ಣಿನಲ್ಲಿ. ಕ್ಯಾನ್ಸರ್ ವಿಜ್ಞಾನದಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಬೀಜ ಮತ್ತು ಮಣ್ಣು’ ಎಂಬ ಮಾತು ನೆಲೆಗೊಂಡದ್ದು ಹೀಗೆ. ಆ ಮಾತಿನ ಹುಟ್ಟಿನಲ್ಲಿ ಗುಲ್ಮಕ್ಕೂ ಒಂದು ಪಾಲಿದೆ ಎಂಬುದನ್ನು ಹೆಚ್ಚಿನವರು ಮರೆತಿದ್ದಾರೆ.

ಪ್ಯಾಜೆಟ್‌ನ ಗಮನಿಕೆ ಇಂದಿಗೂ ನಿಲ್ಲುತ್ತದೆ. ರಕ್ತದ ಕ್ಯಾನ್ಸರ್ ಮತ್ತು ಲಿಂಫೋಮಾಗಳ ಮಾತು ಬೇರೆ, ಅವು ಗುಲ್ಮವನ್ನು ಆಗಾಗ ಆವರಿಸುತ್ತವೆ. 1832ರಲ್ಲಿ ಥಾಮಸ್ ಹಾಡ್ಜ್‌ಕಿನ್ ಬರೆದ ಪ್ರಬಂಧದ ಹೆಸರಿನಲ್ಲೇ ಗುಲ್ಮವಿದೆ. 1845ರಲ್ಲಿ ಎಡಿನ್‌ಬರೋದ ಬೆನೆಟ್ ಮತ್ತು ಬರ್ಲಿನ್ನಿನ ವಿರ್ಚೋ ಲ್ಯುಕೀಮಿಯಾವನ್ನು ವರ್ಣಿಸಿದಾಗಲೂ ರೋಗಿಗಳ ಗುಲ್ಮ ಊದಿಕೊಂಡಿತ್ತು. ಆದರೆ ಸ್ತನ, ಕರುಳು, ಶ್ವಾಸಕೋಶದಂಥ ಅಂಗಗಳ ಗಟ್ಟಿ ಗಡ್ಡೆಗಳು ಗುಲ್ಮಕ್ಕೆ ಹರಡುವುದು ಅಪರೂಪ. ದುಗ್ಧರಸವನ್ನು ಒಳಕ್ಕೆ ತರುವ ನಾಳಗಳು ಅದಕ್ಕಿಲ್ಲ. ಬಂದ ಕೋಶಗಳನ್ನು ಎದುರಿಸಲು ಬಿಳಿ ರಕ್ತಕಣಗಳ ದಂಡೇ ಅಲ್ಲಿದೆ. ಕಾರಣ ಇವೆಲ್ಲ ಸೇರಿಯೂ ಇರಬಹುದು. ಏನೇ ಇರಲಿ, ಕ್ಯಾನ್ಸರ್ ಅಲ್ಲಿ ನೆಲೆಯೂರುವುದಿಲ್ಲ ಎಂಬ ಒಂದು ಸಂಗತಿಯಿಂದ ವೈದ್ಯಲೋಕ ತಲುಪಿದ ತೀರ್ಮಾನ ದೊಡ್ಡದು: ಈ ವ್ಯವಹಾರದಲ್ಲಿ ಗುಲ್ಮಕ್ಕೆ ಸಂಬಂಧವಿಲ್ಲ.

ಅಲ್ಲಿ ತರ್ಕ ಜಾರಿತು. ಒಂದು ಊರಿನಲ್ಲಿ ಕಳ್ಳತನ ನಡೆಯುವುದಿಲ್ಲ ಎಂದ ಮಾತ್ರಕ್ಕೆ ಕಳ್ಳರಿಗೆ ಆ ಊರಿನಿಂದ ಸಹಾಯ ಸಿಗುತ್ತಿಲ್ಲ ಎಂದು ಅರ್ಥವಲ್ಲ.

2009ರಲ್ಲಿ ಅಮೆರಿಕದ ಬಾಸ್ಟನ್‌ನ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅನಿರೀಕ್ಷಿತ ಸಂಗತಿ ಪ್ರಕಟಿಸಿದರು. ಮಾನೋಸೈಟ್ ಎಂಬ ಬಿಳಿ ರಕ್ತಕಣಗಳ ದೊಡ್ಡ ದಾಸ್ತಾನು ಇಲಿಯ ಗುಲ್ಮದಲ್ಲಿತ್ತು. ರಕ್ತದಲ್ಲಿ ಓಡಾಡುವ ಮಾನೋಸೈಟ್‌ಗಳಿಗಿಂತ ಅಲ್ಲಿ ಕಾದಿರಿಸಿದವೇ ಹೆಚ್ಚು. ಹೃದಯಾಘಾತವಾದಾಗ ಗುಲ್ಮ ಅವನ್ನು ಬಿಡುಗಡೆ ಮಾಡುತ್ತಿತ್ತು, ಅವು ಗಾಯಗೊಂಡ ಹೃದಯಕ್ಕೆ ಓಡುತ್ತಿದ್ದವು. ಅಂದರೆ ಗುಲ್ಮ ಬರೀ ಜರಡಿಯಲ್ಲ, ಉಗ್ರಾಣವೂ ಹೌದು. ಹೃದಯದ ಗಾಯ ಕರೆದರೆ ಓಡುವ ಕಣಗಳು ಕ್ಯಾನ್ಸರ್ ಗಡ್ಡೆ ಕರೆದರೆ ಓಡುವುದಿಲ್ಲವೇ?

ಓಡುತ್ತವೆ. ಬಾಸ್ಟನ್‌ನ ಸಂಶೋಧಕರೇ 2012ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇರುವ ಇಲಿಗಳಲ್ಲಿ ಅದನ್ನು ತೋರಿಸಿದರು. ಗಡ್ಡೆಯೊಳಗೆ ಸೇರಿಕೊಂಡ ಮ್ಯಾಕ್ರೋಫೇಜ್ ಮತ್ತು ನ್ಯೂಟ್ರೋಫಿಲ್ ಕಣಗಳಲ್ಲಿ ಅನೇಕವು ಗುಲ್ಮದಿಂದ ಬಂದಿದ್ದವು. ಗುಲ್ಮವನ್ನು ತೆಗೆದ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ನಿಧಾನವಾಯಿತು. ಮರುವರ್ಷ ಇನ್ನೊಂದು ಕೊಂಡಿ ಸಿಕ್ಕಿತು: ರಕ್ತದೊತ್ತಡ ಏರಿಸುವ ಆಂಜಿಯೋಟೆನ್ಸಿನ್ ಎಂಬ ಹಾರ್ಮೋನು ಇಲಿಯ ಗುಲ್ಮದಲ್ಲಿ ಈ ಕಣಗಳ ಉತ್ಪಾದನೆಯನ್ನು ಹೆಚ್ಚಿಸುತ್ತಿತ್ತು, ಬಿ.ಪಿ.ಗೆ ಕೊಡುವ ಎನಾಲಾಪ್ರಿಲ್ ಎಂಬ ಹಳೆಯ ಔಷಧ ಅದನ್ನು ತಡೆಯುತ್ತಿತ್ತು. 2018ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಚೀನಾದ ವಿಜ್ಞಾನಿಗಳು ಮತ್ತೊಂದು ಬಗೆಯ ಕೋಶದ ಬಗ್ಗೆ ಬರೆದರು. ಕ್ಯಾನ್ಸರ್ ಮುಂದುವರಿದ ಇಲಿಗಳ ಊದಿದ ಗುಲ್ಮದಲ್ಲಿ ಹುಟ್ಟುವ, ಎಳೆಯ ಕೆಂಪು ರಕ್ತಕಣವನ್ನು ಹೋಲುವ ಈ ಕೋಶಗಳು ಆರ್ಟೆಮಿನ್ ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಟ್ಟು ದೂರದ ಗಡ್ಡೆಗೆ ಬಲ ಕೊಡುತ್ತಿದ್ದವು. ಲಿವರ್ ಕ್ಯಾನ್ಸರ್ ರೋಗಿಗಳ ರಕ್ತದಲ್ಲೂ ಆರ್ಟೆಮಿನ್ ಹೆಚ್ಚಿತ್ತು, ಹೆಚ್ಚಿದ್ದವರ ಪರಿಣಾಮ ಕೆಟ್ಟದಾಗಿತ್ತು.

ಗಡ್ಡೆಯೊಳಗೆ ಸೇರಿದ ಈ ಬಿಳಿ ಕಣಗಳು ಮಾಡುವ ಕೆಲಸವೇನು? ಗಾಯ ಮಾಯುವಾಗ ಇವು ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತವೆ, ಅಂಗಾಂಶವನ್ನು ಸಡಿಲಿಸುತ್ತವೆ, ಅತಿಯಾದ ಉರಿಯೂತವನ್ನು ತಣಿಸುತ್ತವೆ. ಗಾಯಕ್ಕೆ ಇವೆಲ್ಲ ಒಳ್ಳೆಯದೇ. ಕ್ಯಾನ್ಸರ್ ಗಡ್ಡೆ ತಾನೂ ಒಂದು ಮಾಯದ ಗಾಯವೆಂಬಂತೆ ನಟಿಸಿ ಅದೇ ಸೇವೆಯನ್ನು ಪಡೆಯುತ್ತದೆ. ಹೊಸ ರಕ್ತನಾಳ ಗಡ್ಡೆಗೆ ಆಹಾರವಾಗುತ್ತದೆ, ಸಡಿಲಗೊಂಡ ಅಂಗಾಂಶ ತಪ್ಪಿಸಿಕೊಳ್ಳುವ ದಾರಿಯಾಗುತ್ತದೆ, ತಣಿದ ರೋಗನಿರೋಧಕ ಶಕ್ತಿ ರಕ್ಷಣೆಯಾಗುತ್ತದೆ. ಪ್ಯಾಜೆಟ್ ಹೇಳಿದ ಮಣ್ಣು ತನ್ನಷ್ಟಕ್ಕೆ ಬಿದ್ದಿರುವುದಲ್ಲ, ಅದನ್ನು ಹದಮಾಡುವವರಿದ್ದಾರೆ. ಹದಮಾಡುವ ಆಳುಗಳಲ್ಲಿ ಹೆಚ್ಚಿನವರು ಅಸ್ಥಿಮಜ್ಜೆಯಿಂದ ಬಂದರೆ, ಕೆಲವರು ಗುಲ್ಮದ ಉಗ್ರಾಣದಿಂದ ಬರುತ್ತಾರೆ.

ಇಲ್ಲಿಯವರೆಗೆ ಓದಿದವರ ಮನಸ್ಸಿಗೆ ಬರುವ ಮುಂದಿನ ಪ್ರಶ್ನೆ ಸಹಜ. ಹಾಗಿದ್ದರೆ ಗುಲ್ಮವನ್ನು ತೆಗೆದುಬಿಟ್ಟರೆ ಆಗದೇ? ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವ ಈ ಯೋಚನೆಗೆ ಉತ್ತರ ಚರಿತ್ರೆಯಲ್ಲೇ ಇದೆ.

ಅಪಘಾತದಲ್ಲಿ ಗುಲ್ಮ ಬಿರಿದರೆ ತೆಗೆದುಹಾಕುವುದೇ ಬಹುಕಾಲ ರೂಢಿಯಾಗಿತ್ತು. ಅದಿಲ್ಲದೆಯೂ ಮನುಷ್ಯ ಬದುಕುತ್ತಾನೆ, ನಿಜ. 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶೂಮಾಕರ್ ಎಂಬ ವೈದ್ಯರು, ಗುಲ್ಮ ತೆಗೆಸಿಕೊಂಡ ಐದು ಶಿಶುಗಳಿಗೆ ಆಮೇಲೆ ತೀವ್ರ ಸೋಂಕು ತಗಲಿದ್ದನ್ನು ವರದಿ ಮಾಡಿದ ಬಳಿಕ ಅನುಮಾನ ಶುರುವಾಯಿತು. ಗುಲ್ಮವಿಲ್ಲದವರಿಗೆ ನ್ಯೂಮೋಕಾಕಸ್‌ನಂಥ ಬ್ಯಾಕ್ಟೀರಿಯಾ ತಗಲಿದರೆ ಬೆಳಿಗ್ಗೆ ಬಂದ ಜ್ವರ ರಾತ್ರಿಯೊಳಗೆ ಜೀವಕ್ಕೇ ಬರಬಹುದು. ಅಂಥ ಸೋಂಕು ಬರುವುದು ಅಪರೂಪ, ಆದರೆ ಬಂದರೆ ಅರ್ಧದಷ್ಟು ರೋಗಿಗಳು ಉಳಿಯದಿರಬಹುದು.

ಎರಡನೆಯ ಅಧ್ಯಾಯ ಕ್ಯಾನ್ಸರ್‌ನದೇ. 1960ರ ದಶಕದ ಕೊನೆಯಿಂದ ಹಾಡ್ಜ್‌ಕಿನ್ ಲಿಂಫೋಮಾ ಎಲ್ಲಿಯವರೆಗೆ ಹರಡಿದೆ ಎಂದು ತಿಳಿಯಲು ರೋಗಿಯ ಹೊಟ್ಟೆ ಕೊಯ್ದು, ಗುಲ್ಮವನ್ನು ತೆಗೆದು, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಪದ್ಧತಿ ದೊಡ್ಡ ಆಸ್ಪತ್ರೆಗಳಲ್ಲಿ ಬಂತು. ಚಿಕಿತ್ಸೆಗಾಗಿ ಅಲ್ಲ, ನೋಡುವುದಕ್ಕಾಗಿ. ಆಗ ಸಿ.ಟಿ. ಸ್ಕ್ಯಾನ್ ಇರಲಿಲ್ಲ, ವಿಕಿರಣವನ್ನು ಎಲ್ಲಿಗೆ ಕೊಡಬೇಕೆಂದು ತಿಳಿಯಲೇಬೇಕಿತ್ತು. ಹಾಗಾಗಿ ಆ ವೈದ್ಯರನ್ನು ಹಳಿಯುವಂತಿಲ್ಲ. ಆದರೆ ರೋಗ ವಾಸಿಯಾದ ಎಷ್ಟೋ ಯುವಜನರು ಗುಲ್ಮವಿಲ್ಲದ ಬದುಕಿನ ಅಪಾಯವನ್ನು ಆಯುಷ್ಯವಿಡೀ ಹೊತ್ತರು. ಸ್ಕ್ಯಾನ್‌ಗಳು ಬಂದು, ಕಿಮೋಥೆರಪಿ ಬಲವಾದ ಮೇಲೆ ಆ ಪದ್ಧತಿ ಸದ್ದಿಲ್ಲದೆ ಮರೆಗೆ ಸರಿಯಿತು.

ಮೂರನೆಯದು ಜಠರದ ಕ್ಯಾನ್ಸರ್. ಗುಲ್ಮದ ಬಾಗಿಲಲ್ಲಿರುವ ದುಗ್ಧಗ್ರಂಥಿಗಳಿಗೆ ರೋಗ ಹರಡಿರಬಹುದೆಂಬ ಲೆಕ್ಕದಲ್ಲಿ, ಇಡೀ ಜಠರವನ್ನು ತೆಗೆಯುವಾಗ ಗುಲ್ಮವನ್ನೂ ತೆಗೆಯುವುದು ಬಹಳ ಕಾಲ ‘ಪೂರ್ಣ’ ಶಸ್ತ್ರಚಿಕಿತ್ಸೆ ಎನಿಸಿಕೊಂಡಿತ್ತು. ಜಪಾನಿನ ಶಸ್ತ್ರವೈದ್ಯರು ಇದನ್ನು ನಂಬಿಕೆಗೆ ಬಿಡದೆ ಪರೀಕ್ಷೆಗೆ ಒಡ್ಡಿದರು. ಜಠರದ ಮೇಲುಭಾಗದಲ್ಲಿ ಕ್ಯಾನ್ಸರ್ ಇದ್ದ, ಆದರೆ ಗುಲ್ಮದ ಕಡೆಯ ಅಂಚಿಗೆ ರೋಗ ಬಂದಿರದ 505 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಗುಲ್ಮ ತೆಗೆದರು, ಇನ್ನೊಂದರಲ್ಲಿ ಉಳಿಸಿದರು. 2017ರಲ್ಲಿ ಫಲಿತಾಂಶ ಬಂತು. ಐದು ವರ್ಷ ಬದುಕುಳಿದವರು ತೆಗೆದ ಗುಂಪಿನಲ್ಲಿ ಶೇ. 75.1, ಉಳಿಸಿದ ಗುಂಪಿನಲ್ಲಿ ಶೇ. 76.4. ಶಸ್ತ್ರಚಿಕಿತ್ಸೆಯ ತೊಡಕುಗಳು ಮಾತ್ರ ತೆಗೆದವರಲ್ಲಿ ಶೇ. 30.3, ಉಳಿಸಿದವರಲ್ಲಿ ಶೇ. 16.7. ಗುಲ್ಮ ಕ್ಯಾನ್ಸರ್‌ಗೆ ಆಳು ಒದಗಿಸುತ್ತದೆಂಬುದು ಮನುಷ್ಯರಲ್ಲಿ ಅಷ್ಟು ದೊಡ್ಡ ಸಂಗತಿಯಾಗಿದ್ದರೆ, ಅದನ್ನು ತೆಗೆಸಿಕೊಂಡವರಿಗೆ ಇಲ್ಲಿ ಲಾಭ ಕಾಣಬೇಕಿತ್ತು. ಕಾಣಲಿಲ್ಲ.

ಗುಲ್ಮವಿಲ್ಲದವರಿಗೆ ಮುಂದೆ ಕ್ಯಾನ್ಸರ್ ಕಡಿಮೆಯಾಗುತ್ತದೆಯೇ ಎಂದೂ ನೋಡಲಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಗುಲ್ಮ ಕಳೆದುಕೊಂಡ 740 ಅಮೆರಿಕನ್ ಸೈನಿಕರ ಸಾವಿನ ಲೆಕ್ಕ 1977ರಲ್ಲಿ ಪ್ರಕಟವಾಯಿತು. ನ್ಯುಮೋನಿಯಾ ಮತ್ತು ಹೃದ್ರೋಗದ ಸಾವು ಹೆಚ್ಚಿತ್ತು, ಕ್ಯಾನ್ಸರ್ ಸಾವು ಹೆಚ್ಚಿರಲಿಲ್ಲ. ಗುಲ್ಮ ತೆಗೆಸಿಕೊಂಡ 8,149 ಮಾಜಿ ಸೈನಿಕರನ್ನು 27 ವರ್ಷಗಳವರೆಗೆ ಹಿಂಬಾಲಿಸಿದ ಇನ್ನೊಂದು ಅಧ್ಯಯನ 2014ರಲ್ಲಿ ಬಂತು. ಅದರಲ್ಲಿ ಸೋಂಕು, ರಕ್ತ ಹೆಪ್ಪುಗಟ್ಟುವಿಕೆಯ ಜೊತೆಗೆ ಕೆಲವು ಕ್ಯಾನ್ಸರ್‌ಗಳೂ ಹೆಚ್ಚಾಗಿದ್ದವು. ಮೊದಲ ಗುಂಪಿನವರು ಗಾಯದಿಂದ ಗುಲ್ಮ ಕಳೆದುಕೊಂಡ ಆರೋಗ್ಯವಂತ ಯುವಕರು. ಎರಡನೆಯ ಗುಂಪಿನಲ್ಲಿ ಬೇರೆ ಬೇರೆ ಕಾಯಿಲೆಗಳಿಗಾಗಿ ತೆಗೆಸಿಕೊಂಡವರೂ ಇದ್ದರು. ಆ ಕಾಯಿಲೆಗಳೇ ಲೆಕ್ಕವನ್ನು ಬದಲಿಸಿರಬಹುದು. ಏನೇ ಆದರೂ ಗುಲ್ಮ ಹೋದರೆ ಕ್ಯಾನ್ಸರ್‌ನಿಂದ ರಕ್ಷಣೆ ಎಂದು ಎರಡೂ ಅಧ್ಯಯನಗಳು ಹೇಳುವುದಿಲ್ಲ.

ಇಲಿಗೂ ಮನುಷ್ಯನಿಗೂ ಈ ವ್ಯತ್ಯಾಸ ಏಕೆ? ಇಲಿಯ ಗುಲ್ಮ ಜೀವನವಿಡೀ ರಕ್ತಕಣಗಳನ್ನು ತಯಾರಿಸುತ್ತದೆ. ಮನುಷ್ಯನ ಗುಲ್ಮ ಆ ಕೆಲಸ ಮಾಡುವುದು ಮುಖ್ಯವಾಗಿ ತಾಯಿಯ ಹೊಟ್ಟೆಯಲ್ಲಿರುವಾಗ, ಹುಟ್ಟಿದ ಮೇಲೆ ಅದು ಬಹುಮಟ್ಟಿಗೆ ಅಸ್ಥಿಮಜ್ಜೆಯ ಪಾಲು. ಇಲಿಯಲ್ಲಿ ಗಡ್ಡೆ ಕೆಲವೇ ವಾರಗಳಲ್ಲಿ ದೇಹದ ದೊಡ್ಡ ಪಾಲಾಗಿ ಬೆಳೆಯುತ್ತದೆ, ಮನುಷ್ಯನಲ್ಲಿ ವರ್ಷಗಳು ಹಿಡಿಯುತ್ತವೆ. ಇಲಿಗಳಲ್ಲೇ ಗುಲ್ಮ ತೆಗೆದ ಫಲ ಒಂದೇ ರೀತಿ ಇಲ್ಲ. ಯಾವ ಕ್ಯಾನ್ಸರ್, ಯಾವ ಹಂತದಲ್ಲಿ ತೆಗೆದದ್ದು ಎಂಬುದರ ಮೇಲೆ ಬದಲಾಗುತ್ತದೆ. ಹರಡುವಿಕೆಯ ಪ್ರಯೋಗಗಳ ವಿಧಾನವನ್ನೂ ಗಮನಿಸಬೇಕು. ಲಿವರ್‌ಗೆ ಕ್ಯಾನ್ಸರ್ ಹರಡುವುದನ್ನು ಅಧ್ಯಯನ ಮಾಡಲು ಇಲಿಯ ಗುಲ್ಮಕ್ಕೇ ಕ್ಯಾನ್ಸರ್ ಕೋಶಗಳನ್ನು ಚುಚ್ಚುವುದು ದಶಕಗಳ ರೂಢಿ, ಏಕೆಂದರೆ ಅಲ್ಲಿಂದ ರಕ್ತ ನೇರ ಲಿವರ್‌ಗೆ ಹೋಗುತ್ತದೆ. ಅದು ಪ್ರಯೋಗಾಲಯ ಕಂಡುಕೊಂಡ ಸುಲಭ ದಾರಿಯೇ ಹೊರತು ಮನುಷ್ಯನಲ್ಲಿ ರೋಗ ಸಾಗುವ ಸಾಮಾನ್ಯ ದಾರಿಯಲ್ಲ.

ಹಾಗೆಂದು ಈ ಸಂಶೋಧನೆ ವ್ಯರ್ಥವಲ್ಲ. ಕ್ಯಾನ್ಸರ್ ಹರಡುವುದು ಗಡ್ಡೆಯೊಂದರ ಪುಂಡಾಟವಲ್ಲ, ಇಡೀ ದೇಹ ಅರಿಯದೆ ಕೈಜೋಡಿಸುವ ವ್ಯವಹಾರ ಎಂಬುದನ್ನು ಅದು ಕಣ್ಣಿಗೆ ಕಟ್ಟುವಂತೆ ತೋರಿಸಿದೆ. ಅದರಿಂದ ಸಿಗಬೇಕಾದ ಚಿಕಿತ್ಸೆ ಚಾಕುವಿನದಲ್ಲ, ಸಂದೇಶವನ್ನು ತಡೆಯುವ ಔಷಧದ್ದು. ಗಡ್ಡೆಯ ಕರೆ ಗುಲ್ಮಕ್ಕೆ ತಲುಪದಂತೆ, ತಲುಪಿದರೂ ಕಣಗಳು ಹೊರಡದಂತೆ, ಹೊರಟರೂ ಗಡ್ಡೆಯ ಕಡೆ ನಿಲ್ಲದಂತೆ ಮಾಡುವ ಔಷಧ. ಅದು ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಸಾಬೀತಾಗುವವರೆಗೆ, ಇಲಿಯ ಸುದ್ದಿ ಓದಿ ಬಿ.ಪಿ. ಮಾತ್ರೆ ನುಂಗುವುದಾಗಲಿ, ‘ಗುಲ್ಮ ಶುದ್ಧಿ’ಯ ಕಷಾಯಕ್ಕೆ ಹಣ ಸುರಿಯುವುದಾಗಲಿ ಕೂಡದು.

ವರದಿಯಲ್ಲಿ ‘ಸ್ಪ್ಲೀನ್ ದೊಡ್ಡದಾಗಿದೆ’ ಎಂದು ಬಂದಾಗ ಗಾಬರಿಯಾಗುವ ಕುಟುಂಬಗಳಿಗೂ ಇದು ಅನ್ವಯಿಸುತ್ತದೆ. ಕರುಳಿನ ಕ್ಯಾನ್ಸರ್‌ಗೆ ಕೊಡುವ ಆಕ್ಸಾಲಿಪ್ಲಾಟಿನ್ ಲಿವರ್‌ನ ಸೂಕ್ಷ್ಮ ರಕ್ತನಾಳಗಳಿಗೆ ಪೆಟ್ಟು ಕೊಟ್ಟು ಗುಲ್ಮವನ್ನು ಊದಿಸಬಲ್ಲದು. ಬಿಳಿ ಕಣ ಹೆಚ್ಚಿಸುವ ಇಂಜೆಕ್ಷನ್ ಕೊಟ್ಟ ಬೆನ್ನಿಗೇ ಪೆಟ್ ಸ್ಕ್ಯಾನ್ ಮಾಡಿದರೆ ಗುಲ್ಮ ದೀಪದಂತೆ ಹೊಳೆಯಬಹುದು. ಮಲೇರಿಯಾ, ಟೈಫಾಯ್ಡ್, ಲಿವರ್ ಸಿರೋಸಿಸ್ ಇವೆಲ್ಲ ಅದನ್ನು ದೊಡ್ಡದು ಮಾಡುತ್ತವೆ. ದೊಡ್ಡದಾದ ಗುಲ್ಮವೆಂದರೆ ಹರಡಿದ ಕ್ಯಾನ್ಸರ್ ಎಂದಲ್ಲ, ಕಾರಣ ಕೇಳಬೇಕಾದ ಸಂಗತಿ ಎಂದಷ್ಟೇ.

ಗುಲ್ಮವನ್ನು ತೆಗೆಯಲೇಬೇಕಾದ ಸಂದರ್ಭಗಳು ಖಂಡಿತ ಇವೆ. ಮೇದೋಜೀರಕ ಗ್ರಂಥಿಯ ಬಾಲದಲ್ಲಿನ ಗಡ್ಡೆ, ಗುಲ್ಮಕ್ಕೇ ಅಂಟಿಕೊಂಡ ಅಂಡಾಶಯದ ಕ್ಯಾನ್ಸರ್, ನಿಲ್ಲದ ರಕ್ತಸ್ರಾವ. ಅಲ್ಲಿ ಹಿಂಜರಿಯುವುದೇ ತಪ್ಪು. ಆದರೆ ಉಳಿಸಲು ಬರುತ್ತದೆಯೇ ಎಂದು ಮೊದಲು ಕೇಳುವ ಹಕ್ಕು ರೋಗಿಗಿದೆ. ತೆಗೆಯಬೇಕೆಂದಾದರೆ ಮುಂದಿನ ಹೊಣೆ ಆಪರೇಷನ್ ಥಿಯೇಟರಿನಲ್ಲಿ ಮುಗಿಯುವುದಿಲ್ಲ.

ವಿಜಯಪುರದ ಕಡೆಯ ಒಬ್ಬ ರೈತ ಮುಂಬಯಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಮರಳಿದ್ದಾನೆ ಎಂದುಕೊಳ್ಳಿ. ಕ್ಯಾನ್ಸರ್ ಹೋಗಿದೆ, ಗುಲ್ಮವೂ ಹೋಗಿದೆ. ಡಿಸ್ಚಾರ್ಜ್ ಪತ್ರ ಇಂಗ್ಲಿಷಿನಲ್ಲಿದೆ, ಅದು ಟ್ರಂಕಿನ ತಳ ಸೇರಿದೆ. ಮೂರು ವರ್ಷದ ಮೇಲೆ ಒಂದು ಸಂಜೆ ನಡುಕದ ಜ್ವರ. ಊರಿನ ಕ್ಲಿನಿಕ್ಕಿನಲ್ಲಿ ಒಂದು ಮಾತ್ರೆ ಕೊಟ್ಟು ನಾಳೆ ಬನ್ನಿ ಎನ್ನುತ್ತಾರೆ. ಆತನಿಗೆ ನಾಳೆಯವರೆಗೆ ಸಮಯವಿಲ್ಲ ಎಂಬುದು ಆತನಿಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಕ್ಯಾನ್ಸರ್ ಗೆದ್ದವನು ತಡೆಯಬಹುದಾದ ಜ್ವರಕ್ಕೆ ಸೋತರೆ ಆ ಸೋಲು ವಿಜ್ಞಾನದ್ದಲ್ಲ, ಹೇಳದೆ ಬಿಟ್ಟವರದು.

ಹೇಳಬೇಕಾದದ್ದು ಬಹಳವಿಲ್ಲ. ನ್ಯೂಮೋಕಾಕಸ್, ಮೆನಿಂಗೋಕಾಕಸ್, ಹಿಬ್ ಎಂಬ ಮೂರು ಸೋಂಕುಗಳ ವಿರುದ್ಧ ಲಸಿಕೆ ಬೇಕು. ಮುಂಚೆ ಗೊತ್ತಿದ್ದರೆ ಶಸ್ತ್ರಚಿಕಿತ್ಸೆಗೆ ಕನಿಷ್ಠ ಎರಡು ವಾರ ಮೊದಲು, ತುರ್ತಿನಲ್ಲಿ ತೆಗೆದಿದ್ದರೆ ಆಮೇಲೆ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ. ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ. ನಾಯಿ ಕಚ್ಚಿದರೆ ರೇಬೀಸ್ ಚುಚ್ಚುಮದ್ದಿನ ಜೊತೆಗೆ ಆ್ಯಂಟಿಬಯಾಟಿಕ್ ಬಗ್ಗೆಯೂ ಕೇಳಬೇಕು. ಮಲೇರಿಯಾ ಇರುವ ಕಡೆ ಸೊಳ್ಳೆಪರದೆ ತಪ್ಪಿಸಬಾರದು. ‘ನನಗೆ ಗುಲ್ಮವಿಲ್ಲ’ ಎಂಬ ಚೀಟಿ ಸದಾ ಜೇಬಿನಲ್ಲಿರಬೇಕು. ವಯಸ್ಕರಿಗೆ ಈ ಲಸಿಕೆಗಳು ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿಲ್ಲ. ಲಕ್ಷಗಟ್ಟಲೆಯ ಶಸ್ತ್ರಚಿಕಿತ್ಸೆಗೆ ನೆರವು ಕೊಡುವ ಯೋಜನೆಗಳು ಕೆಲವು ಸಾವಿರದ ಲಸಿಕೆಯನ್ನೂ ಅದರ ಭಾಗವೆಂದೇ ಎಣಿಸಬೇಕು. ಚೀಟಿಯಾದರೂ ರೋಗಿಯ ಭಾಷೆಯಲ್ಲಿರಬೇಕು. ಪರವೂರಿನ ಆಸ್ಪತ್ರೆಗಳಿಗೆ ನೆಂಟರನ್ನು ಕರೆದೊಯ್ಯುವ, ವಾರ್ಡಿನಲ್ಲಿ ದುಭಾಷಿಯಾಗಿ ನಿಲ್ಲುವ ಕನ್ನಡಿಗರು ಆ ನಾಲ್ಕು ಸಾಲನ್ನು ಕನ್ನಡದಲ್ಲಿ ಬರೆದುಕೊಟ್ಟರೂ ಒಂದು ಜೀವ ಉಳಿದೀತು.

ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲೆನ್, ಕ್ಯಾನ್ಸರ್ ಹುಟ್ಟುವುದು ಕಪ್ಪು ಪಿತ್ತದಿಂದ, ಆ ಪಿತ್ತವನ್ನು ಹೀರಿ ರಕ್ತವನ್ನು ಶುದ್ಧಮಾಡುವುದು ಗುಲ್ಮದ ಕೆಲಸ ಎಂದು ನಂಬಿದ್ದ. ಕಪ್ಪು ಪಿತ್ತ ಎಂಬುದೇ ಇಲ್ಲ. ಆದರೆ ದೂರದ ಗಡ್ಡೆಗೂ ಎಡಪಕ್ಕೆಯ ಈ ಅಂಗಕ್ಕೂ ರಕ್ತದ ಮೂಲಕ ಏನೋ ನಂಟಿದೆ ಎಂಬ ಊಹೆ, ಬೇರೆಯದೇ ರೂಪದಲ್ಲಿ, ಈಗ ಪ್ರಯೋಗಾಲಯಕ್ಕೆ ಮರಳಿದೆ. ಆ ನಂಟನ್ನು ಪೂರ್ತಿ ಅರಿಯಲು ಇನ್ನೂ ಕಾಲ ಬೇಕು. ಅಲ್ಲಿಯವರೆಗೆ ಮುಂದಿನ ಸ್ಕ್ಯಾನ್ ವರದಿ ಕೈಗೆ ಬಂದಾಗ ನಡುವಿನ ಆ ಒಂದು ಸಾಲನ್ನೂ ಓದಬೇಕು. ಅದು ಇದೆಯೇ, ಹೇಗಿದೆ, ಇಲ್ಲದಿದ್ದರೆ ಏನು ಮಾಡಬೇಕು ಎಂದು ಡಾಕ್ಟರನ್ನು ಕೇಳಬೇಕು.